ಆ ‘ನಾಲ್ಕು ಜನ’ ಯಾರು?

(ಶಿವಮೊಗ್ಗದ ರಾಗಿಗುಡ್ಡದಲ್ಲಿ ಏರ್ಪಡಿಸಿದ್ದ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ನನಗೆ ಒಪ್ಪಿಸಿರುವ ವಿಷಯ ‘ಭಿನ್ನಾಭಿಪ್ರಾಯ ಮತ್ತು ಮೌನ’. ಸುತ್ತಲಿನ ಹೆಚ್ಚಿನವರು ಒಂದು ಮಾತನ್ನು ಆಡುತ್ತಿರುವಾಗ, ಅದಕ್ಕಿಂತ ಬೇರೆಯಾದ ಅಭಿಪ್ರಾಯವನ್ನು ಮನಸ್ಸಿನಲ್ಲಿಟ್ಟುಕೊಂಡವನು ಏಕೆ ಬಾಯಿ ತೆರೆಯುವುದಿಲ್ಲ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ಇದು ಪುಸ್ತಕದ ಪ್ರಶ್ನೆಯಲ್ಲ. ಈ ನೆಲದಲ್ಲಿ ನಿಂತು ಕೇಳಲೇಬೇಕಾದ ಪ್ರಶ್ನೆ.

2023ರ ಅಕ್ಟೋಬರ್ 1ರ ಭಾನುವಾರ ಈ ರಾಗಿಗುಡ್ಡದಲ್ಲಿ ಏನು ನಡೆಯಿತೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಈದ್ ಮಿಲಾದ್ ಮೆರವಣಿಗೆಯ ವೇಳೆ ಕಲ್ಲು ತೂರಾಟವಾಯಿತು. ಮನೆಗಳಿಗೂ ವಾಹನಗಳಿಗೂ ಹಾನಿಯಾಯಿತು. ಪೊಲೀಸರೂ ಸೇರಿದಂತೆ ಹಲವರು ಗಾಯಗೊಂಡರು. ನಿಷೇಧಾಜ್ಞೆ ಜಾರಿಗೆ ಬಂತು, ಅನೇಕರು ಬಂಧಿತರಾದರು. ಯಾರ ತಪ್ಪು ಎಷ್ಟು ಎಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ನನ್ನ ಪ್ರಶ್ನೆ ಅದಲ್ಲ. ಯಾವ ಊರಿನಲ್ಲೇ ಆಗಲಿ, ಇಂತಹ ದಿನಗಳಲ್ಲಿ ಕಲ್ಲೆತ್ತುವ ಕೈಗಳು ಎಷ್ಟು? ಇಡೀ ಬಡಾವಣೆಯ ಜನರ ಮುಂದೆ ಅವು ಕೆಲವೇ. ಉಳಿದವರ ಮನಸ್ಸಿನಲ್ಲಿ ಇದು ಬೇಡವೆಂಬ ಮಾತು ಇರುತ್ತದೆ. ಹಿಂದೂ ಮನೆಯ ತಾಯಿಗೂ ಇರುತ್ತದೆ, ಮುಸ್ಲಿಮ್ ಮನೆಯ ತಾಯಿಗೂ ಇರುತ್ತದೆ. ಆದರೆ ಆ ಮಾತು ಬೀದಿಗೆ ಬರುವುದಿಲ್ಲ. ಬೀದಿಯಲ್ಲಿ ಕೇಳಿಸುವುದು ಕೆಲವರ ಕೂಗು ಮಾತ್ರ. ಹೊರಗಿನಿಂದ ನೋಡುವವನು ಆ ಕೂಗನ್ನೇ ಊರಿನ ಅಭಿಪ್ರಾಯವೆಂದು ಬರೆದುಕೊಂಡು ಹೋಗುತ್ತಾನೆ.

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಸುಮ್ಮನಿದ್ದವನು ಒಪ್ಪಿದ್ದಾನೆಂದೇ ಲೆಕ್ಕ. ಆದರೆ ಮದ್ರಸಾಗಳಲ್ಲಿ ಉಸೂಲುಲ್ ಫಿಕ್‌ಹ್ ಕಲಿಯುವ ವಿದ್ಯಾರ್ಥಿಗಳು ಈ ಲೆಕ್ಕದ ಬಗ್ಗೆಯೇ ಒಂದು ದೀರ್ಘ ಚರ್ಚೆಯನ್ನು ಓದುತ್ತಾರೆ. ಅದಕ್ಕೆ ‘ಇಜ್ಮಾ ಸುಕೂತಿ’, ಅಂದರೆ ಮೌನದ ಒಮ್ಮತ ಎಂದು ಹೆಸರು. ಒಬ್ಬ ವಿದ್ವಾಂಸನು ಒಂದು ಅಭಿಪ್ರಾಯ ಹೇಳಿದನು, ಅದು ಇತರ ವಿದ್ವಾಂಸರ ಕಿವಿಗೂ ಬಿತ್ತು, ಯಾರೂ ವಿರೋಧಿಸಲಿಲ್ಲ. ಹಾಗಾದರೆ ಎಲ್ಲರೂ ಒಪ್ಪಿದಂತಾಯಿತೇ? ಹನಫೀ ವಿದ್ವಾಂಸರಲ್ಲಿ ಹೆಚ್ಚಿನವರು ಕೆಲವು ಷರತ್ತುಗಳೊಂದಿಗೆ ಹೌದು ಎಂದರು. ಇಮಾಮ್ ಶಾಫಿಈಯವರ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ ಇದಕ್ಕೆ ವಿರುದ್ಧವಾಗಿದೆ. ಸುಮ್ಮನಿದ್ದವನ ಬಾಯಿಗೆ ಯಾವ ಮಾತನ್ನೂ ಹಚ್ಚಬಾರದು ಎಂಬುದು ಅದರ ತಾತ್ಪರ್ಯ.

ಅವರ ವಾದವನ್ನು ಗಮನಿಸಿರಿ. ಮನುಷ್ಯನು ಸುಮ್ಮನಿರುವುದಕ್ಕೆ ಒಪ್ಪಿಗೆಯೊಂದೇ ಕಾರಣವಲ್ಲ. ಅವನು ಇನ್ನೂ ಆಲೋಚಿಸುತ್ತಿರಬಹುದು. ಹೇಳಿ ಪ್ರಯೋಜನವಿಲ್ಲ ಎಂದುಕೊಂಡಿರಬಹುದು. ಬೇರೊಬ್ಬರು ಹೇಳುತ್ತಾರೆಂದು ಕಾಯುತ್ತಿರಬಹುದು. ಹೇಳಿದರೆ ಗದ್ದಲವಾದೀತೆಂದು ಹಿಂಜರಿದಿರಬಹುದು. ಎದುರಿರುವವರ ಗೌರವಕ್ಕೋ ಗಾಂಭೀರ್ಯಕ್ಕೋ ಅಂಜಿರಬಹುದು. ಇದಕ್ಕೆ ಉಸೂಲ್ ಗ್ರಂಥಗಳು ಕೊಡುವ ಒಂದು ಉದಾಹರಣೆಯಿದೆ. ಆಸ್ತಿಯ ಪಾಲುಗಳ ಮೊತ್ತವು ಆಸ್ತಿಗಿಂತ ಹೆಚ್ಚಾದಾಗ ಎಲ್ಲರ ಪಾಲನ್ನೂ ಸಮಪ್ರಮಾಣದಲ್ಲಿ ತಗ್ಗಿಸುವ ‘ಔಲ್’ ಎಂಬ ಕ್ರಮವು ಖಲೀಫಾ ಉಮರ್(ರ)ರ ಕಾಲದಲ್ಲಿ ಜಾರಿಗೆ ಬಂತು. ಇಬ್ನು ಅಬ್ಬಾಸ್(ರ)ರ ಅಭಿಪ್ರಾಯ ಬೇರೆಯಿತ್ತು. ಆದರೆ ಅವರು ಅದನ್ನು ಉಮರ್(ರ)ರ ಮರಣದ ನಂತರವೇ ಹೇಳಿದರು. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದಾಗ, ಉಮರ್(ರ)ರ ಬಗೆಗಿದ್ದ ಭಯಗೌರವವೇ ತಡೆಯಿತು ಎಂದರಂತೆ. ಸತ್ಯದ ಮಾತಿಗೆ ತಕ್ಷಣ ತಲೆಬಾಗುತ್ತಿದ್ದ ಉಮರ್(ರ)ರ ಮುಂದೆಯೇ, ಅಷ್ಟು ದೊಡ್ಡ ವಿದ್ವಾಂಸರಿಗೇ ಹೀಗಾಗಬಹುದಾದರೆ, ಜಮಾಅತ್ ಸಮಿತಿಯ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ಇಪ್ಪತ್ತು ವರ್ಷದ ಯುವಕನ ಸ್ಥಿತಿ ಏನು?

ಅಂದು ನಮ್ಮ ವಿದ್ವಾಂಸರು ಗುರುತಿಸಿದ್ದನ್ನು ಕಳೆದ ಶತಮಾನದ ಮನಶ್ಶಾಸ್ತ್ರಜ್ಞರು ಪ್ರಯೋಗದ ಮೂಲಕ ನೋಡಿದರು. 1951ರಲ್ಲಿ ಅಮೇರಿಕದ ಸೊಲೊಮನ್ ಆಶ್ ಎಂಬವರು ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಒಂದು ಗೆರೆಯನ್ನು ತೋರಿಸಿ, ಇನ್ನು ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದವಾದುದು ಯಾವುದೆಂದು ಕೇಳುವುದು. ಮಗುವೂ ಹೇಳಬಲ್ಲ ಉತ್ತರ. ಆದರೆ ಕೋಣೆಯಲ್ಲಿದ್ದವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ತಪ್ಪು ಉತ್ತರ ಕೊಡುತ್ತಿದ್ದರು. ಏನೂ ಅರಿಯದ ಆ ಒಬ್ಬನು ತನ್ನ ಕಣ್ಣನ್ನು ನಂಬುತ್ತಾನೋ, ಸುತ್ತಲಿನವರ ಬಾಯನ್ನು ನಂಬುತ್ತಾನೋ ಎಂಬುದೇ ಪರೀಕ್ಷೆ. ಹೀಗೆ ಪರೀಕ್ಷೆಗೊಳಗಾದ ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಕಣ್ಣಿಗೆ ಕಂಡ ಸತ್ಯವನ್ನು ಬಿಟ್ಟುಕೊಟ್ಟರು. ಹಣವಿಲ್ಲ, ಬೆದರಿಕೆಯಿಲ್ಲ, ಬಹಿಷ್ಕಾರವಿಲ್ಲ. ಒಂಟಿಯಾಗಿ ಕಾಣುವ ಮುಜುಗರವೇ ಸಾಕಾಯಿತು.

ಆದರೆ ಆ ಪ್ರಯೋಗದ ಇನ್ನೊಂದು ಭಾಗವೇ ಇಂದಿನ ನಮ್ಮ ಮಾತಿಗೆ ಮುಖ್ಯ. ಆಶ್ ಆ ಗುಂಪಿನಲ್ಲಿ ಸರಿಯಾದ ಉತ್ತರ ಹೇಳುವ ಇನ್ನೊಬ್ಬನನ್ನು ಕೂರಿಸಿದರು. ಒಬ್ಬನೇ ಒಬ್ಬ. ಅಷ್ಟರಿಂದಲೇ ತಪ್ಪಿಗೆ ಮಣಿಯುವ ಪ್ರಮಾಣವು ಮೊದಲಿನ ಕಾಲು ಭಾಗದಷ್ಟಕ್ಕೆ ಇಳಿಯಿತು. ಬಹುಮತ ಬೇಕಾಗಲಿಲ್ಲ, ಅರ್ಧ ಜನರೂ ಬೇಕಾಗಲಿಲ್ಲ. ಎರಡನೆಯ ಒಂದು ಧ್ವನಿ ಸಾಕಾಯಿತು.

ಮುಂದೆ 1974ರಲ್ಲಿ ಜರ್ಮನಿಯ ಎಲಿಸಬೆತ್ ನೋಯೆಲ್ ನೋಯ್ಮನ್ ಎಂಬ ಸಂಶೋಧಕಿ ಇದನ್ನು ‘ಮೌನದ ಸುರುಳಿ’ ಎಂದು ಕರೆದರು. ತನ್ನ ಅಭಿಪ್ರಾಯಕ್ಕೆ ಬೆಂಬಲ ಕುಗ್ಗುತ್ತಿದೆಯೆಂದು ಭಾವಿಸಿದವನು ಸುಮ್ಮನಾಗುತ್ತಾನೆ. ಅವನು ಸುಮ್ಮನಾದುದನ್ನು ಕಂಡು, ಅವನಂತೆಯೇ ಯೋಚಿಸುವ ಇನ್ನೊಬ್ಬನು ತಾನು ಒಂಟಿಯೆಂದುಕೊಂಡು ಸುಮ್ಮನಾಗುತ್ತಾನೆ. ಹೀಗೆ ಒಂದು ಮೌನವು ಇನ್ನೊಂದು ಮೌನವನ್ನು ಹೆರುತ್ತದೆ. ಈ ಸಂಶೋಧಕಿಯೇ ಯೌವನದಲ್ಲಿ ನಾಝಿಗಳ ವಾರಪತ್ರಿಕೆಯೊಂದಕ್ಕೆ ಬರೆದಿದ್ದವರು, ಅದಕ್ಕಾಗಿ ಮುಂದೆ ಕಟು ಟೀಕೆಯನ್ನು ಎದುರಿಸಿದವರು ಎಂಬುದನ್ನೂ ಮರೆಯಬಾರದು. ಇಡೀ ದೇಶವೇ ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆಂಬುದನ್ನು ಹತ್ತಿರದಿಂದ ಕಂಡವರು ಅವರು.

ನಮ್ಮ ಮನೆಗಳಿಗೆ ಇನ್ನೂ ಹತ್ತಿರವಾದ ಉದಾಹರಣೆಯೊಂದಿದೆ. ಸೌದಿ ಅರೇಬಿಯಾದ ರಿಯಾಧ್‌ನಲ್ಲಿ ವಿವಾಹಿತ ಯುವಕರ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಸ್ತ್ರೀಯರು ಮನೆಯ ಹೊರಗೆ ದುಡಿಯುವುದಕ್ಕೆ ನಿಮ್ಮ ಒಪ್ಪಿಗೆಯಿದೆಯೇ ಎಂದು ಗುಪ್ತವಾಗಿ ಕೇಳಿದಾಗ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಒಪ್ಪಿಗೆಯಿದೆ ಎಂದರು. ನಿಮ್ಮ ನೆರೆಹೊರೆಯವರಲ್ಲಿ ಎಷ್ಟು ಮಂದಿ ಒಪ್ಪುತ್ತಾರೆ ಎಂದು ಕೇಳಿದಾಗ ಮಾತ್ರ ಬಹುತೇಕರು ನಿಜವಾದ ಸಂಖ್ಯೆಗಿಂತ ಬಹಳ ಕಡಿಮೆ ಅಂದಾಜು ಮಾಡಿದರು. ಅವರಲ್ಲಿ ಕೆಲವರಿಗೆ ನಿಜವಾದ ಲೆಕ್ಕವನ್ನು ತಿಳಿಸಲಾಯಿತು. ಲೆಕ್ಕ ತಿಳಿಯದವರಲ್ಲಿ ತಮ್ಮ ಪತ್ನಿಯ ಹೆಸರನ್ನು ಉದ್ಯೋಗ ಸೇವೆಗೆ ನೋಂದಾಯಿಸಿದವರು ಸುಮಾರು ಶೇ. 23. ತಿಳಿದವರಲ್ಲಿ ಅದು ಸುಮಾರು ಶೇ. 32ಕ್ಕೇರಿತು. ಯಾರೂ ಅವರಿಗೆ ಉಪದೇಶ ಮಾಡಿರಲಿಲ್ಲ. ‘ನೀನು ಒಂಟಿಯಲ್ಲ’ ಎಂಬ ಸುದ್ದಿಯನ್ನಷ್ಟೇ ತಲುಪಿಸಿದ್ದರು.

ನಮ್ಮ ಮನೆಗಳಲ್ಲಿ ‘ನಾಲ್ಕು ಜನ ಏನೆಂದಾರು’ ಎಂಬ ಮಾತಿದೆ. ಮಗಳ ಮದುವೆಗೆ ಸಾಲ ಮಾಡುವಾಗ ನಾಲ್ಕು ಜನ. ವರದಕ್ಷಿಣೆ ಕೊಡುವಾಗ, ಕೇಳುವಾಗ ನಾಲ್ಕು ಜನ. ಹುಡುಗಿಯ ಓದನ್ನು ನಿಲ್ಲಿಸುವಾಗ ನಾಲ್ಕು ಜನ. ಮೆರವಣಿಗೆಯಲ್ಲಿ ಡಿಜೆ ಬೇಡವೆಂದು ಹೇಳಲು ಹೋಗಿ ನಾಲಿಗೆ ಕಚ್ಚಿಕೊಳ್ಳುವಾಗಲೂ ಅದೇ ನಾಲ್ಕು ಜನ. ಯಾರಿವರು? ಇವರ ಮನೆಯ ವಿಳಾಸವನ್ನು ಯಾರಾದರೂ ಕಂಡಿದ್ದಾರೆಯೇ? ಹುಡುಕುತ್ತಾ ಹೋದರೆ ಆಶ್ಚರ್ಯವಾಗುತ್ತದೆ. ನಿಮಗೆ ಆ ನಾಲ್ಕು ಜನರಾಗಿ ಕಾಣುವವರೂ ತಮ್ಮ ಮನೆಯಲ್ಲಿ ಕುಳಿತು ನಾಲ್ಕು ಜನರಿಗೆ ಹೆದರುತ್ತಿದ್ದಾರೆ. ಅವರು ಹೆದರುವ ಆ ನಾಲ್ವರಲ್ಲಿ ನೀವೂ ಒಬ್ಬರು.

ಸಹೋದರ ಸಹೋದರಿಯರೇ, ನಮ್ಮ ನಾಡಿನಲ್ಲಿ ಈ ಮೌನಕ್ಕೆ ಬೆಲೆ ತೆತ್ತವರ ಚರಿತ್ರೆಯನ್ನೂ ನೋಡೋಣ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಆ ಪತ್ರಿಕೆಯ ಸಂಪಾದಕ ಪಿ. ಲಂಕೇಶರು ಇದೇ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರು. ಒಂದೇ ಉಸಿರಿನಲ್ಲಿ ಮೂರು ತಲಾಖ್ ಹೇಳಿಸಿಕೊಂಡ ಹೆಣ್ಣಿನ ಬದುಕು ಏನಾಗುತ್ತದೆಂಬುದೇ ಆ ಕಾದಂಬರಿಯ ವಸ್ತು. 1985ರಲ್ಲಿ ಪುತ್ತೂರಿನಲ್ಲಿ ಸಾರಾ ಅವರು ದಾಳಿಯ ಯತ್ನವನ್ನು ಎದುರಿಸಬೇಕಾಯಿತು. ಅವರ ಎಲ್ಲ ನಿಲುವುಗಳನ್ನು ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ಬಾರಿಗೆ ಮೂರು ತಲಾಖ್ ಹೇಳುವುದು ಬಿದ್‌ಅತ್, ಪಾಪಕಾರ್ಯ ಎಂದು ಹನಫೀ ಗ್ರಂಥಗಳಲ್ಲೇ ಇರುವುದು ಅಂದಿನ ಉಲೇಮಾಗಳಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ನೊಂದ ಹೆಣ್ಣುಮಕ್ಕಳು ತವರಿಗೆ ಮರಳಿದ ಮನೆಗಳಿಗೆ ತಿಳಿದಿರಲಿಲ್ಲವೇ? ಅದೂ ತಿಳಿದಿತ್ತು. ಆ ತಿಳಿದವರಲ್ಲಿ ಹತ್ತು ಮಂದಿ ಎದ್ದು, ‘ಈ ಹೆಣ್ಣುಮಗಳ ಕಥೆಯಲ್ಲಿ ನಮ್ಮ ಮನೆಯ ಸತ್ಯವಿದೆ’ ಎಂದಿದ್ದರೆ ಚರ್ಚೆಯ ದಿಕ್ಕೇ ಬೇರೆಯಾಗುತ್ತಿತ್ತು.

ಹಾಸನದ ಬಾನು ಮುಷ್ತಾಕ್ ಅವರದೂ ಇದೇ ಕಥೆ. ಸ್ತ್ರೀಯರಿಗೆ ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕಿದೆಯೆಂದು ಹೇಳಿದ್ದಕ್ಕಾಗಿ 2000ದಲ್ಲಿ ಅವರು ಬಹಿಷ್ಕಾರವನ್ನೂ ಬೆದರಿಕೆಯ ಕರೆಗಳನ್ನೂ ಎದುರಿಸಿದರು. ಚೂರಿ ಹಿಡಿದು ಬಂದವನೊಬ್ಬನಿಂದ ಪಾರಾದರು. ಪ್ರವಾದಿ(ಸ)ರ ಕಾಲದಲ್ಲಿ ಮದೀನಾದ ಮಸೀದಿಗೆ ಸ್ತ್ರೀಯರು ಬರುತ್ತಿದ್ದರೆಂಬುದನ್ನು ಹದೀಸ್ ಓದಿದ ಪ್ರತಿಯೊಬ್ಬನೂ ಬಲ್ಲ. ನಂತರದ ಫುಕಹಾಗಳು ಭಿನ್ನವಾದ ಅಭಿಪ್ರಾಯಗಳನ್ನು ಹೇಳಿದರೆಂಬುದನ್ನೂ ಬಲ್ಲ. ಭಿನ್ನಾಭಿಪ್ರಾಯಕ್ಕೆ ಅವಕಾಶವಿರುವ ವಿಷಯವನ್ನು ಚರ್ಚಿಸಬಹುದಿತ್ತು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರು ಅನುವಾದಿಸಿದ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಅಭಿನಂದಿಸುವವರ ಸಾಲು ಬೆಳೆಯಿತು. ಅಭಿನಂದನೆ ತಪ್ಪಲ್ಲ. ಆದರೆ ಇಪ್ಪತ್ತೈದು ವರ್ಷಗಳ ಹಿಂದೆ, ಅವರ ಅಭಿಪ್ರಾಯವನ್ನು ಒಪ್ಪದಿದ್ದರೂ, ‘ಒಬ್ಬ ಹೆಣ್ಣುಮಗಳು ಅಭಿಪ್ರಾಯ ಹೇಳಿದ್ದಕ್ಕೆ ಬಹಿಷ್ಕಾರ ಹಾಕುವುದು ನಮ್ಮ ಧರ್ಮವಲ್ಲ’ ಎಂದು ಹೇಳಬಹುದಾಗಿದ್ದ ಎರಡನೆಯ ಧ್ವನಿಗಳು ಎಷ್ಟು ಕೇಳಿಬಂದವು?

ಈ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ಆಕ್ಷೇಪ ಏಳುತ್ತದೆ. ‘ನಾವು ಮೊದಲೇ ಅಲ್ಪಸಂಖ್ಯಾತರು. ನಾಲ್ಕು ಕಡೆಯಿಂದಲೂ ಏಟು ಬೀಳುತ್ತಿದೆ. ಒಳಗಿನ ಕುಂದುಗಳನ್ನು ಹೊರಗೆ ಹೇಳಿದರೆ ವಿರೋಧಿಗಳ ಕೈಗೆ ಅಸ್ತ್ರ ಕೊಟ್ಟಂತಾಗುವುದಿಲ್ಲವೇ? ಇದು ಸಮಯವಲ್ಲ.’ ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲು ಸಾಧ್ಯವಿಲ್ಲ. ಏಟು ಬೀಳುತ್ತಿರುವುದು ನಿಜ. 2022ರ ಹಿಜಾಬ್ ವಿವಾದದಲ್ಲಿ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತದ್ದನ್ನು ಈ ಜಿಲ್ಲೆಯೂ ಕಂಡಿದೆ. ಆದರೆ ಅಸ್ತ್ರ ಎಲ್ಲಿಂದ ಬರುತ್ತದೆಂಬುದನ್ನು ಶಾಂತವಾಗಿ ಯೋಚಿಸಿರಿ. ತಲಾಖ್‌ನ ದುರುಪಯೋಗದ ಬಗ್ಗೆ ಸಾರಾ ಬರೆದಾಗ ಸಮಯವಲ್ಲ ಎಂದರು. ಆ ಸಮಯ ಮುಂದಿನ ಮೂವತ್ತು ವರ್ಷಗಳಲ್ಲೂ ಬರಲಿಲ್ಲ. 2017ರ ಆಗಸ್ಟ್ 22ರಂದು ಸುಪ್ರೀಮ್ ಕೋರ್ಟು ತೀರ್ಪು ಕೊಟ್ಟಿತು. 2019ರಲ್ಲಿ ಗಂಡನಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸುವ ಕಾನೂನು ಬಂತು. ಆ ಕಾನೂನಿನ ರಾಜಕೀಯ ಉದ್ದೇಶವನ್ನು ನಾವು ಪ್ರಶ್ನಿಸುತ್ತೇವೆ, ಪ್ರಶ್ನಿಸಬೇಕು. ಆದರೆ ನಮ್ಮ ಮನೆಯ ಕಸವನ್ನು ನಾವೇ ಗುಡಿಸಿದ್ದರೆ, ಹೊರಗಿನವನು ಪೊರಕೆ ಹಿಡಿದು ಒಳಗೆ ಬರಲು ನೆಪ ಎಲ್ಲಿರುತ್ತಿತ್ತು? ವಿರೋಧಿಯ ಕೈಗೆ ಅಸ್ತ್ರ ಕೊಟ್ಟದ್ದು ಮಾತಾಡಿದವರಲ್ಲ. ಸುಮ್ಮನಿದ್ದವರು.

ಈ ನಗರವೇ ಇನ್ನೊಂದು ಪಾಠವನ್ನು ಕಲಿತಿದೆ. 2010ರ ಮಾರ್ಚ್ 1ರಂದು, ಕನ್ನಡ ಪತ್ರಿಕೆಯೊಂದರಲ್ಲಿ ಬುರ್ಖಾದ ಬಗ್ಗೆ ತಸ್ಲೀಮಾ ನಸ್ರೀನ್ ಹೆಸರಿನಲ್ಲಿ ಪ್ರಕಟವಾದ ಲೇಖನವನ್ನು ವಿರೋಧಿಸಿ ಶಿವಮೊಗ್ಗದಲ್ಲೂ ಹಾಸನದಲ್ಲೂ ನಡೆದ ಪ್ರತಿಭಟನೆಗಳು ಹಿಂಸೆಗೆ ತಿರುಗಿದವು. ಜೀವಹಾನಿಯಾಯಿತು. ತಾನು ಆ ಪತ್ರಿಕೆಗೆ ಬರೆದೇ ಇಲ್ಲವೆಂದು ಲೇಖಕಿ ಹೇಳಿದರು. ಲೇಖನಕ್ಕೆ ಲೇಖನದಿಂದಲೇ ಉತ್ತರಿಸಬಲ್ಲ ಶಕ್ತಿ ಕನ್ನಡ ಮುಸ್ಲಿಮರಲ್ಲಿ ಇರಲಿಲ್ಲವೇ? ಇತ್ತು. ಆದರೆ ಆವೇಶದ ಗಳಿಗೆಯಲ್ಲಿ ಸಂಯಮದ ಮಾತು ಹೇಳುವವನು ಹೇಡಿಯೆಂದೋ ದೀನ್‌ನಲ್ಲಿ ಬಲಹೀನನೆಂದೋ ಕರೆಸಿಕೊಳ್ಳುತ್ತಾನೆ. ಆ ಹೆಸರಿಗೆ ಹೆದರಿದವರ ಮೌನವೇ ಆವೇಶಕ್ಕೆ ಮೈದಾನವನ್ನು ಬಿಟ್ಟುಕೊಡುತ್ತದೆ.

ಇದು ನಮ್ಮ ಸಮುದಾಯದ ರೋಗ ಮಾತ್ರವೆಂದು ಯಾರೂ ತಿಳಿಯಬಾರದು. ದೊಡ್ಡ ಸಮುದಾಯಗಳಲ್ಲಿ, ಪಕ್ಷಗಳಲ್ಲಿ, ನ್ಯಾಯಪೀಠಗಳಲ್ಲೂ ಇದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ವಿಚಾರಣೆಯಿಲ್ಲದೆ ಬಂಧಿತನಾದವನು ಕೋರ್ಟಿನ ಬಾಗಿಲು ತಟ್ಟಬಹುದೇ ಎಂಬ ಪ್ರಶ್ನೆ ಸುಪ್ರೀಮ್ ಕೋರ್ಟಿನ ಐವರು ನ್ಯಾಯಾಧೀಶರ ಮುಂದೆ ಬಂತು. ನಾಲ್ವರು ಸರಕಾರದ ಪರ ನಿಂತರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಮರುವರ್ಷ ಅವರ ಹಿರಿತನವನ್ನು ಕಡೆಗಣಿಸಿ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಲಾಯಿತು, ಅವರು ರಾಜೀನಾಮೆ ಕೊಟ್ಟರು. ನಲವತ್ತೊಂದು ವರ್ಷಗಳ ನಂತರ, 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಅದೇ ಕೋರ್ಟು ಆ ನಾಲ್ವರ ತೀರ್ಪನ್ನು ತಳ್ಳಿಹಾಕಿತು. ಬರೆದಿಟ್ಟ ಒಂಟಿ ಮಾತು ಎಂದಾದರೊಂದು ದಿನ ಕೆಲಸಕ್ಕೆ ಬರುತ್ತದೆ.

ನಮ್ಮ ಹನಫೀ ಮದ್‌ಹಬ್ ಈ ಸತ್ಯದ ಮೇಲೆಯೇ ನಿಂತಿದೆ. ಇಮಾಮ್ ಅಬೂ ಹನೀಫಾರ ಇಬ್ಬರು ಪ್ರಮುಖ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅನೇಕ ವಿಷಯಗಳಲ್ಲಿ ಗುರುವನ್ನು ಒಪ್ಪಲಿಲ್ಲ. ಆ ಅಸಮ್ಮತಿಯನ್ನು ಯಾರೂ ಅಳಿಸಲಿಲ್ಲ. ಗುರುವಿನ ಮಾತಿನ ಪಕ್ಕದಲ್ಲೇ ಬರೆದಿಟ್ಟರು. ಪಾಲು ಬೇಸಾಯ ಸಿಂಧುವಲ್ಲವೆಂದು ಇಮಾಮರು ಹೇಳಿದ್ದರು. ಶಿಷ್ಯರು ಸಿಂಧುವೆಂದರು. ಮದ್‌ಹಬ್‌ನ ಫತ್ವಾ ನಿಂತದ್ದು ಶಿಷ್ಯರ ಮಾತಿನ ಮೇಲೆ. ಹಾಗಾದರೆ ಮಸೀದಿ ಸಮಿತಿಯ ಕಾರ್ಯದರ್ಶಿಯ ಮಾತಿಗೆ ಎದುರು ಮಾತನಾಡಿದವನು ಸಮುದಾಯ ದ್ರೋಹಿಯಾಗುವುದು ಯಾವ ಮದ್‌ಹಬ್‌ನಲ್ಲಿ?

ಹಾಗೆಂದು ಒಂಟಿಯಾಗಿ ಹೇಳಿದ್ದೆಲ್ಲವೂ ಸರಿಯೆಂದೇನೂ ಇಲ್ಲ. ಬಹುಮತ ಹೇಗೆ ಸತ್ಯಕ್ಕೆ ಪ್ರಮಾಣವಲ್ಲವೋ ಅಲ್ಪಮತವೂ ಹಾಗೆಯೇ. ಎಲ್ಲ ಮೌನವೂ ಪಾಪವಲ್ಲ. ಕೂಲಿ ಕಳೆದುಕೊಳ್ಳುವ ಭಯದಲ್ಲಿರುವವನು, ಗಂಡನ ಮನೆಯಲ್ಲಿ ಆಸರೆಯಿಲ್ಲದ ಹೆಣ್ಣುಮಗಳು, ಹೇಳಿದರೆ ಪ್ರಾಣಕ್ಕೇ ಅಪಾಯವಿರುವವನು, ಇವರನ್ನು ಹೇಡಿಗಳೆಂದು ಕರೆಯುವ ಅಧಿಕಾರ ನಮಗಿಲ್ಲ. ಕೆಡುಕನ್ನು ಎದುರಿಸುವ ಮೂರು ಹಂತಗಳನ್ನು ಹೇಳುವ ಹದೀಸ್‌ನಲ್ಲಿ ಅಶಕ್ತನಿಗೂ ಒಂದು ಹಂತವಿದೆ. ಆದರೆ ಆ ಕೊನೆಯ ಹಂತ ಅಶಕ್ತರಿಗಿರುವ ವಿನಾಯಿತಿ. ಅಂಗಡಿ, ಮನೆ, ಹುದ್ದೆ, ಮರ್ಯಾದೆ ಎಲ್ಲವೂ ಇರುವ ನಾವು ಅದರಲ್ಲಿ ಹಾಸಿಗೆ ಹಾಸಿಕೊಂಡು ಮಲಗಬಹುದೇ?

ಎಲ್ಲರೂ ಮೊದಲನೆಯ ಧ್ವನಿಯಾಗಬೇಕೆಂದು ನಾನು ಕೇಳುತ್ತಿಲ್ಲ. ಅದಕ್ಕೆ ಬೇಕಾದ ಧೈರ್ಯ ಎಲ್ಲರಿಗೂ ದೊರೆತಿರುವುದಿಲ್ಲ. ನಾನು ಕೇಳುತ್ತಿರುವುದು ಎರಡನೆಯ ಧ್ವನಿಯಾಗುವುದನ್ನು. ಮೂಸಾ(ಅ)ರಿಗೆ ಫಿರ್‌ಔನನ ಬಳಿಗೆ ಹೋಗುವ ಆಜ್ಞೆಯಾದಾಗ ಅವರು ಸೈನ್ಯವನ್ನು ಬೇಡಲಿಲ್ಲ. ತನ್ನ ಮಾತನ್ನು ಸತ್ಯವೆಂದು ಹೇಳಲು ಸಹೋದರ ಹಾರೂನ್(ಅ)ರನ್ನು ಜೊತೆಗೆ ಕೊಡೆಂದು ಬೇಡಿದರು. ಪ್ರವಾದಿಗೂ ಎರಡನೆಯ ಧ್ವನಿ ಬೇಕೆನಿಸಿತು. ನಮ್ಮ ಮನೆಗಳಲ್ಲಿ ಕಾಯಿಲೆಗೂ ಸಾವಿಗೂ ಯಾಸೀನ್ ಅಧ್ಯಾಯವನ್ನು ಓದುತ್ತೇವೆ. ಅದರಲ್ಲಿ ಒಂದು ಊರಿನವರೆಲ್ಲ ಸಂದೇಶವಾಹಕರನ್ನು ಬೆದರಿಸುತ್ತಿರುವಾಗ ಪಟ್ಟಣದ ಕೊನೆಯಿಂದ ಒಬ್ಬನು ಓಡೋಡಿ ಬಂದು ಅವರ ಪರವಾಗಿ ನಿಲ್ಲುತ್ತಾನೆ. ಅವನು ಪ್ರವಾದಿಯಲ್ಲ, ನಾಯಕನಲ್ಲ. ಕುರ್‌ಆನ್ ಅವನ ಹೆಸರನ್ನೂ ಹೇಳುವುದಿಲ್ಲ. ಪಟ್ಟಣದ ಕೊನೆಯಲ್ಲಿ ವಾಸಿಸುವ ಸಾಮಾನ್ಯ ಮನುಷ್ಯ, ನಮ್ಮ ನಿಮ್ಮಂತಹವನು. ಎಷ್ಟು ಬಾರಿ ಓದಿದ್ದೇವೆ, ಎಂದಾದರೂ ಅವನಂತೆ ಓಡಿ ಹೋಗಿದ್ದೇವೆಯೇ?

ಕೊನೆಯದಾಗಿ ಈ ಬಡಾವಣೆಯಲ್ಲೇ ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳುತ್ತೇನೆ. ಮೊದಲನೆಯದಾಗಿ, ಸಮಿತಿಯ ಸಭೆಗಳಲ್ಲಿ ಹಿರಿಯರು ಕೊನೆಯಲ್ಲಿ ಮಾತನಾಡಲಿ, ಕಿರಿಯರು ಮೊದಲು ಮಾತನಾಡಲಿ. ಅಧ್ಯಕ್ಷರು ಒಮ್ಮೆ ಅಭಿಪ್ರಾಯ ಹೇಳಿಬಿಟ್ಟ ಮೇಲೆ ಉಳಿದವರಿಗೆ ತಲೆಯಾಡಿಸುವ ಕೆಲಸ ಮಾತ್ರ ಉಳಿಯುತ್ತದೆ. ಎರಡನೆಯದಾಗಿ, ಮುಖ್ಯವಾದ ತೀರ್ಮಾನಗಳಿಗೆ ಕೈ ಎತ್ತಿಸಬೇಡಿರಿ, ಚೀಟಿ ಹಾಕಿಸಿರಿ. ಭದ್ರಾವತಿಯ ಕಾರ್ಖಾನೆಗಳಲ್ಲಿ ದುಡಿದ ಹಿರಿಯರನ್ನು ಕೇಳಿದರೆ, ಕೈ ಎತ್ತಿಸುವುದಕ್ಕೂ ಗುಪ್ತ ಮತದಾನಕ್ಕೂ ಇರುವ ಅಂತರವನ್ನು ಅವರೇ ಹೇಳುತ್ತಾರೆ. ಮದುವೆಯ ದುಂದುವೆಚ್ಚದ ಬಗ್ಗೆ, ಮೆರವಣಿಗೆಯ ಶಿಸ್ತಿನ ಬಗ್ಗೆ ಒಮ್ಮೆ ಚೀಟಿ ಹಾಕಿಸಿ ನೋಡಿರಿ. ನೀವು ಅಲ್ಪಮತವೆಂದುಕೊಂಡದ್ದು ಬಹುಮತವಾಗಿ ಹೊರಬಂದರೆ ನನಗೆ ಆಶ್ಚರ್ಯವಾಗದು. ಮೂರನೆಯದಾಗಿ, ಈ ಪರದೆಯ ಆಚೆಯಿಂದಲೂ ಚೀಟಿಗಳು ಬರಲಿ. ತನ್ನ ಸಂಕಟವನ್ನು ಹಿಡಿದು ಪ್ರವಾದಿ(ಸ)ರೊಂದಿಗೆ ವಾದಿಸಿದ ಖೌಲಾ(ರ)ರ ಅಹವಾಲಿನ ಮೇಲೆ ಕುರ್‌ಆನಿನ ಒಂದು ಅಧ್ಯಾಯವೇ ಆರಂಭವಾಗುತ್ತದೆ. ನಾಲ್ಕನೆಯದಾಗಿ, ಇಲ್ಲಿನ ಹಿಂದೂ ನೆರೆಯವರಲ್ಲೂ ಶಾಂತಿಯನ್ನು ಬಯಸಿ ಮೌನವಾಗಿರುವವರು ಇದ್ದಾರೆ. ಮುಂದಿನ ಮಿಲಾದ್ ಮತ್ತು ಗಣೇಶ ಚತುರ್ಥಿಗಳಿಗೆ ಮೊದಲೇ ಅವರ ಮನೆಗೆ ಹೋಗಿ ಕುಳಿತು ಮಾತನಾಡಿರಿ. ಅವರಿಗೂ ತಾವು ಒಂಟಿಯಲ್ಲವೆಂಬ ಸುದ್ದಿ ತಲುಪಬೇಕಾಗಿದೆ.

ಇನ್ನು ಮುಂದೆ ಯಾರಾದರೂ ಎದ್ದು ನಿಂತು, ಕಂಪಿಸುವ ಧ್ವನಿಯಲ್ಲಿ ‘ಇದು ಸರಿಯಲ್ಲ’ ಎಂದಾಗ, ನೀವು ನೆಲ ನೋಡಬೇಡಿರಿ. ಸಭೆ ಮುಗಿದ ಮೇಲೆ ಮೂಲೆಗೆ ಕರೆದು ‘ನೀವು ಹೇಳಿದ್ದು ಸರಿ’ ಎಂದು ಬೆನ್ನು ತಟ್ಟಿದರೆ ಪ್ರಯೋಜನವಿಲ್ಲ. ಅದೇ ಸಭೆಯಲ್ಲಿ, ಅದೇ ಗಳಿಗೆಯಲ್ಲಿ, ‘ನನಗೂ ಹಾಗೆಯೇ ಅನಿಸುತ್ತದೆ’ ಎಂದು ಹೇಳಿರಿ. ಮೂರೇ ಪದಗಳು ಸಾಕು.

ಸತ್ಯವನ್ನು ಹೇಳುವ ನಾಲಿಗೆಯನ್ನೂ, ಸತ್ಯ ಹೇಳಿದವರನ್ನು ಒಂಟಿಯಾಗಿ ಬಿಡದ ಮನಸ್ಸನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.